ದೀಪವಿಲ್ಲದ ಊರು, ಹೆಸರಿಲ್ಲದ ಊರು

‘ಮಾನವ ವಸತಿ ಎಂದರೇನು? ಅದರ ಎರಡು ವಿಧಗಳನ್ನು ಹೆಸರಿಸಿ.’ ಎರಡು ಅಂಕದ ಈ ಪ್ರಶ್ನೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ‘ಜನರು ಮನೆಗಳನ್ನು ಕಟ್ಟಿಕೊಂಡು ಒಟ್ಟಾಗಿ ವಾಸಿಸುವ ನೆಲೆಯೇ ಮಾನವ ವಸತಿ, ಗ್ರಾಮೀಣ ವಸತಿ ಮತ್ತು ನಗರ ವಸತಿ ಎಂದು ಅದರಲ್ಲಿ ಎರಡು ವಿಧ’ ಎಂದು ಬರೆದವರಿಗೆ ಪೂರ್ಣ ಅಂಕ ದೊರೆಯುತ್ತಿತ್ತು. ಪರೀಕ್ಷೆಯ ಮಟ್ಟಿಗೆ ಆ ಉತ್ತರ ಸರಿಯಾದುದೇ. ಆದರೆ ಶಾಲೆಯ ಗೋಡೆಯನ್ನು ದಾಟಿ ತಾಲ್ಲೂಕು ಕಚೇರಿಯ ದಫ್ತರದ ಮುಂದೆ ನಿಂತಾಗ ಈ ಉತ್ತರ ಸಾಲದಾಗುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಗ್ರಾಮಗಳ ಸಂಖ್ಯೆ 29,340. ಅವುಗಳಲ್ಲಿ ಜನವಸತಿಯುಳ್ಳವು 27,397. ಉಳಿದ 1,943 ಗ್ರಾಮಗಳಲ್ಲಿ ಒಬ್ಬನೇ ಒಬ್ಬ ಮನುಷ್ಯನೂ ವಾಸವಾಗಿರಲಿಲ್ಲ! ಮನುಷ್ಯರೇ ಇಲ್ಲದಿದ್ದರೂ ಅವು ಗ್ರಾಮಗಳು. ಅವುಗಳಿಗೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ. ಇದೇ ನಾಡಿನಲ್ಲಿ ಮನೆಗಳಿದ್ದು, ಮಕ್ಕಳಿದ್ದು, ದನಕರುಗಳಿದ್ದು, ಗುಡಿಯಿದ್ದು, ಮೂರು ನಾಲ್ಕು ತಲೆಮಾರುಗಳಿಂದ ಜನ ಬಾಳುತ್ತಿದ್ದರೂ ಗ್ರಾಮಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ನೆಲೆಗಳು ಸಾವಿರಾರು ಇದ್ದವು. ಜನರಿಲ್ಲದ ಜಾಗ ಊರಾಗಿ, ಜನರಿರುವ ಜಾಗ ಊರಲ್ಲವಾದದ್ದು ಹೇಗೆ? ಈ ವಿರೋಧಾಭಾಸ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ಊರು ಎಂಬುದನ್ನು ಯಾರು, ಯಾವ ಕಾಲದಲ್ಲಿ, ಯಾವ ಉದ್ದೇಶಕ್ಕಾಗಿ ಗುರುತಿಸಿದರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡಿದರೆ ಇದರ ಗಂಟು ಸ್ವಲ್ಪ ಸಡಿಲವಾಗುತ್ತದೆ.

ಹಟ್ಟಿಯಿಂದ ಊರಿಗೆ

ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ನೆರೆಯ ತೆಲಂಗಾಣ, ಆಂಧ್ರ ಪ್ರದೇಶಗಳಲ್ಲಿಯೂ ದೊಡ್ಡ ದೊಡ್ಡ ಬೂದಿಯ ದಿಬ್ಬಗಳು ಕಾಣಸಿಗುತ್ತವೆ. ಇಂತಹವು ನೂರಕ್ಕೂ ಹೆಚ್ಚಿವೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದೇ ಜನ ನಂಬಿಕೊಂಡು ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇವು ನವಶಿಲಾಯುಗದ ಜನರ ದನದ ಸಗಣಿ ಸುಟ್ಟು ಉಂಟಾದ ದಿಬ್ಬಗಳೆಂದು ಪ್ರತಿಪಾದಿಸಿದರು. ಇಂಗ್ಲೆಂಡಿನ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ಮರದ ಗೂಟಗಳನ್ನು ನೆಟ್ಟು ಬೇಲಿ ಕಟ್ಟಿದ್ದ ಗುಳಿಗಳೂ, ದನಗಳ ಗೊರಸಿನ ಗುರುತುಗಳೂ ದೊರೆತವು. ಅಲ್ಲಿಗೆ ಇವು ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನದ ದೊಡ್ಡಿಗಳೆಂಬುದು ಸ್ಪಷ್ಟವಾಯಿತು.

ಆದರೆ ದನದ ದೊಡ್ಡಿಯನ್ನು ಮಾನವ ವಸತಿ ಎನ್ನಬಹುದೆ? ದನಗಾಹಿಗಳು ಋತುವಿಗೊಮ್ಮೆ ಬಂದು ತಂಗಿ ಹೋಗುತ್ತಿದ್ದ ಬೀಡುಗಳು ಇವು. ನಿಜವಾದ ಊರುಗಳು ಬೇರೆ ಕಡೆ, ಬೆಟ್ಟದ ಮೇಲೆ ಇದ್ದವು ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅದಕ್ಕೆ ಆಧಾರವಿಲ್ಲದಿರಲಿಲ್ಲ. ತೆಕ್ಕಲಕೋಟೆ, ಸಂಗನಕಲ್ಲು, ಬ್ರಹ್ಮಗಿರಿಗಳಲ್ಲಿ ಬೆಟ್ಟದ ಹಾಸುಗಳ ಮೇಲೂ ಇಳಿಜಾರಿನಲ್ಲೂ ಗುಡಿಸಲುಗಳ ನೆಲ, ಅರೆಯುವ ಕಲ್ಲು, ಮಡಕೆ, ಹೂಳಿದ ಅಸ್ಥಿಗಳು ದೊರೆತಿದ್ದವು. ಅವು ಯಾರೂ ಅಲ್ಲಗಳೆಯಲಾಗದ ಊರುಗಳು.

ಪ್ರೊ. ಕೆ. ಪದ್ದಯ್ಯ ಅವರು ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ನಡೆಸಿದ ಉತ್ಖನನ ಈ ಅಭಿಪ್ರಾಯವನ್ನು ಬದಲಿಸಿತು. ಅಲ್ಲಿ ಬೂದಿದಿಬ್ಬಕ್ಕೆ ತಾಗಿಕೊಂಡೇ ಮನೆಗಳ ಅವಶೇಷಗಳಿದ್ದವು. ಮಕ್ಕಳನ್ನು ಹೂಳಿದ ಕುಣಿಗಳಿದ್ದವು. ಪ್ರಾಣಿಗಳನ್ನು ಕಡಿದು ಮಾಂಸ ಹಂಚುತ್ತಿದ್ದ ನೆಲವಿತ್ತು. ಅಂದರೆ ದೊಡ್ಡಿಯೂ ಊರೂ ಬೇರೆಯಾಗಿರಲಿಲ್ಲ. ದೊಡ್ಡಿಯ ಸುತ್ತಲೇ ಊರು ಬೆಳೆದಿತ್ತು. ತಮ್ಮ ಮಗುವನ್ನು ಹೂಳಿದ ಮಣ್ಣನ್ನು ಯಾರೂ ಕೇವಲ ತಂಗುದಾಣವೆಂದು ಭಾವಿಸಲಾರರು ಎಂಬುದು ನನ್ನ ಎಣಿಕೆ.

ಈ ಸಂಗತಿಯನ್ನು ನಮ್ಮ ಭಾಷೆ ಮೊದಲಿನಿಂದಲೂ ತಿಳಿದಿತ್ತೆಂದು ತೋರುತ್ತದೆ. ‘ಹಟ್ಟಿ’ ಎಂದರೆ ಕನ್ನಡದಲ್ಲಿ ದನಕುರಿಗಳನ್ನು ಕೂಡುವ ಸ್ಥಳವೂ ಹೌದು, ಜನ ವಾಸಿಸುವ ಪುಟ್ಟ ಊರೂ ಹೌದು. ಕರಾವಳಿಯ ಮನೆಗಳಲ್ಲಿ ಹಟ್ಟಿ ಎಂದರೆ ಕೊಟ್ಟಿಗೆ. ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಗೊಲ್ಲರಹಟ್ಟಿ, ಕುರುಬರಹಟ್ಟಿ ಎಂದರೆ ಊರು. ನೀಲಗಿರಿಯ ಬಡಗರಿಗೂ ಹಟ್ಟಿಯೇ ಊರು. ‘ದೊಡ್ಡಿ’ಯ ಕಥೆಯೂ ಇದೇ. ರಾಮನಗರ, ಮಂಡ್ಯ ಸೀಮೆಯಲ್ಲಿ ದೊಡ್ಡಿ ಎಂದು ಕೊನೆಗೊಳ್ಳುವ ಊರುಗಳು ಎಷ್ಟಿವೆಯೆಂದು ನಿಮ್ಮಲ್ಲಿ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಸೈನ್ಯ ಬೀಡುಬಿಟ್ಟ ಜಾಗ ‘ಪಾಳ್ಯ’ವಾಯಿತು, ವ್ಯಾಪಾರದ ಜಾಗ ‘ಪೇಟೆ’ಯಾಯಿತು. ತಾತ್ಕಾಲಿಕವಾಗಿ ಆರಂಭವಾದದ್ದು ಶಾಶ್ವತವಾದ ಕಥೆ ಈ ಹೆಸರುಗಳಲ್ಲಿ ಅಡಗಿದೆ.

ಶಾಸನಗಳ ಊರು

ಬರವಣಿಗೆ ಬಂದ ಮೇಲೆ ಊರುಗಳನ್ನು ಹೆಸರಿಸುವ, ಎಣಿಸುವ, ವರ್ಗೀಕರಿಸುವ ಕೆಲಸ ಮೊದಲಾಯಿತು. ಕನ್ನಡದ ಮೊಟ್ಟಮೊದಲ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾದ, ಕ್ರಿ.ಶ. ಸುಮಾರು 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದ ವಿಷಯವಾದರೂ ಏನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಿಟ್ಟುಕೊಟ್ಟ ಸಂಗತಿ. ನಮ್ಮ ಭಾಷೆಯ ಲಿಖಿತ ಇತಿಹಾಸ ಊರುಗಳ ದಾನದಿಂದಲೇ ತೆರೆದುಕೊಳ್ಳುತ್ತದೆ ಎಂಬುದು ಗಮನಾರ್ಹ. ದಾನ ಕೊಡಬೇಕಾದರೆ ಅದಕ್ಕೆ ಹೆಸರಿರಬೇಕು, ಎಲ್ಲೆಯಿರಬೇಕು, ಆದಾಯವಿರಬೇಕು. ಊರು ಎಂಬ ಬಾಳುವ ನೆಲೆ ಹೀಗೆ ಕೊಟ್ಟು ತೆಗೆದುಕೊಳ್ಳುವ ಆಸ್ತಿಯೂ ಆಯಿತು.

ಇದಕ್ಕೂ ಹಿಂದಿನ ಸಂಪ್ರದಾಯಕ್ಕೆ ಸೇರಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಊರಿನ ಅಳತೆ ಹೇಳಿದೆ. ಕನಿಷ್ಠ 100 ಕುಟುಂಬಗಳು, ಗರಿಷ್ಠ 500 ಕುಟುಂಬಗಳು, ಬಹುಪಾಲು ಬೇಸಾಯಗಾರರು, ಒಂದು ಅಥವಾ ಎರಡು ಕ್ರೋಶದಷ್ಟು ಎಲ್ಲೆ, ಒಂದು ಊರು ಇನ್ನೊಂದಕ್ಕೆ ನೆರವಾಗುವಷ್ಟು ಸಮೀಪ. ಹತ್ತು ಗ್ರಾಮಗಳಿಗೊಂದು ಸಂಗ್ರಹಣ, 200ಕ್ಕೊಂದು ಖಾರ್ವಟಿಕ, 400ಕ್ಕೊಂದು ದ್ರೋಣಮುಖ, 800ಕ್ಕೊಂದು ಸ್ಥಾನೀಯ. ಇದು ಆಡಳಿತಗಾರನ ಕಣ್ಣಿನ ಊರು. ಖಜಾನೆ ತುಂಬಲು, ಗಡಿ ಕಾಯಲು, ಬರಡು ನೆಲವನ್ನು ಬೇಸಾಯಕ್ಕೆ ತರಲು ಇಂತಿಷ್ಟು ಮನೆಗಳಿರಲಿ ಎಂಬ ಯೋಜನೆ.

ಕನ್ನಡನಾಡಿನ ಶಾಸನಗಳಲ್ಲಿ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ ಎಂಬ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಇವುಗಳ ಲಕ್ಷಣಗಳು ದೊರೆಯುತ್ತವೆ. ಬೇಲಿಯಿಂದ ಸುತ್ತುವರಿದು ರೈತರು ನೆಲೆಸಿದ್ದು ಗ್ರಾಮ. ಅದರಲ್ಲೂ 100 ಮನೆಯದು ಚಿಕ್ಕದು, 500 ಮನೆಯದು ದೊಡ್ಡದು. ನದಿ ಮತ್ತು ಬೆಟ್ಟಗಳ ನಡುವಿನದು ಖೇಡ. ಬೆಟ್ಟದಿಂದ ಮಾತ್ರ ಆವೃತವಾದುದು ಖರ್ವಡ. ಐನೂರು ಹಳ್ಳಿಗಳಿಗೆ ಕೇಂದ್ರವಾದುದು ಮಡಂಬ. ದೋಣಿಗಳು ಬಂದು ತಲುಪುವ ಕಡಲ ದಡದ್ದು ಪತ್ತನ, ನದೀತೀರದ್ದು ದ್ರೋಣಾಮುಖ. ಸಾವಿರದ ನೂರು ವರ್ಷಗಳ ಹಿಂದೆಯೇ ನಮ್ಮವರು ಜನಸಂಖ್ಯೆಯೊಂದನ್ನೇ ನೆಚ್ಚದೆ ನೆಲದ ರೂಪ, ನೀರಿನ ದಾರಿ, ಸುತ್ತಣ ಹಳ್ಳಿಗಳೊಡನೆ ಇದ್ದ ನಂಟು ಇವುಗಳಿಂದಲೂ ವಸತಿಯನ್ನು ವಿಂಗಡಿಸಿದ್ದರು. ಇಂದಿನ ಭೂಗೋಳಶಾಸ್ತ್ರಜ್ಞರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಶಾಸನಗಳಲ್ಲಿ ಈ ಪಟ್ಟಿ ಬರುಬರುತ್ತ ಒಂದು ಅಲಂಕಾರವಾಯಿತು. ಕಡಲೇ ಕಾಣದ ಒಳನಾಡಿನ ವರ್ಣನೆಯಲ್ಲೂ ಪತ್ತನಗಳು ಬರತೊಡಗಿದವು. ವರ್ಗೀಕರಣ ಅನುಭವದಿಂದ ದೂರವಾದರೆ ಬರಿಯ ಮಂತ್ರವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿಯೇ ಇನ್ನೊಂದು ಲೆಕ್ಕವನ್ನು ನೋಡೋಣ. ಬನವಾಸಿ 12,000, ನೊಳಂಬವಾಡಿ 32,000, ಗಂಗವಾಡಿ 96,000, ಬೆಳ್ವೊಲ 300, ಪುಲಿಗೆರೆ 300 ಎಂದು ಪಾಠದಲ್ಲಿ ಓದಿದ್ದೀರಿ. ಈ ಸಂಖ್ಯೆಗಳು ಆ ನಾಡಿನ ಊರುಗಳ ಸಂಖ್ಯೆಯೇ, ಕಂದಾಯದ ಮೊತ್ತವೇ, ಬೇರೇನಾದರೂ ಅಳತೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬೆಳ್ವೊಲ, ಪುಲಿಗೆರೆಗಳಂತಹ ಸಣ್ಣ ಸಂಖ್ಯೆಗಳು ಊರುಗಳ ಲೆಕ್ಕಕ್ಕೆ ಹೊಂದಬಹುದು. ಆದರೆ 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿಯೇ ಮೂವತ್ತು ಸಾವಿರ ಗ್ರಾಮಗಳಿರಲಿಲ್ಲ. ಅದರ ದಕ್ಷಿಣದ ಒಂದು ಭಾಗವಷ್ಟೇ ಆಗಿದ್ದ ಗಂಗವಾಡಿಯಲ್ಲಿ 96,000 ಊರುಗಳಿದ್ದವೆಂದರೆ ನಂಬುವುದು ಕಷ್ಟ. ಒಂದೋ ಆ ಸಂಖ್ಯೆ ಊರುಗಳದ್ದಲ್ಲ, ಇಲ್ಲವೇ ಅಂದು ‘ಊರು’ ಎಂದು ಎಣಿಸಿದ್ದು ನಾವು ಇಂದು ಎಣಿಸುವುದನ್ನಲ್ಲ. ಇತಿಹಾಸದಲ್ಲಿ ಸಂಖ್ಯೆಯನ್ನು ಕಂಡೊಡನೆ ‘ಏನನ್ನು ಎಣಿಸಿದರು?’ ಎಂದು ಕೇಳಬೇಕೆಂದು ತರಗತಿಯಲ್ಲಿ ನಾನು ಪದೇ ಪದೇ ಹೇಳುತ್ತಿದ್ದುದು ಇದಕ್ಕಾಗಿಯೇ.

ಕಂದಾಯದ ಗ್ರಾಮ

ಬ್ರಿಟಿಷರ ಕಾಲದಲ್ಲಿ ಈ ವ್ಯವಹಾರಕ್ಕೆ ಸರಪಣಿ ಮತ್ತು ನಕ್ಷೆ ಬಂದವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ 1840ರ ದಶಕದಿಂದ, ಮೈಸೂರು ಸಂಸ್ಥಾನದಲ್ಲಿ 1860ರ ದಶಕದಿಂದ ಭೂಮಾಪನ ನಡೆದು ಪ್ರತಿ ಹೊಲಕ್ಕೂ ಸರ್ವೆ ನಂಬರು ಬಿತ್ತು. ಹೊಲಗಳ ಗುಂಪಿಗೆ ಎಲ್ಲೆ ಹಾಕಿ ಒಂದು ಗ್ರಾಮವೆಂದು ಕರೆದರು. ಮುಖ್ಯ ಗ್ರಾಮಕ್ಕೆ ‘ಅಸಲಿ’ ಎಂದೂ ಅದಕ್ಕೆ ಸೇರಿದ ಚಿಕ್ಕ ಹಳ್ಳಿಗೆ ‘ದಾಖಲಿ’ ಅಥವಾ ‘ಮಜರೆ’ ಎಂದೂ ಹೆಸರಾಯಿತು. ಗ್ರಾಮದೊಳಗೆ ಮನೆ ಕಟ್ಟಲು ಬಿಟ್ಟ ಜಾಗ ‘ಗ್ರಾಮಠಾಣಾ’.

ಈ ಪದ್ಧತಿಯ ಸೂಕ್ಷ್ಮವನ್ನು ಗಮನಿಸಬೇಕು. ಸ್ವಾತಂತ್ರ್ಯಾನಂತರ ಬಂದ 1964ರ ಕರ್ನಾಟಕ ಭೂಕಂದಾಯ ಅಧಿನಿಯಮವೂ ಗ್ರಾಮವೆಂದರೆ ಕಂದಾಯ ಆಡಳಿತದ ಉದ್ದೇಶಕ್ಕಾಗಿ ಭೂದಾಖಲೆಗಳಲ್ಲಿ ಗ್ರಾಮವೆಂದು ಗುರುತಿಸಲ್ಪಟ್ಟ ಸ್ಥಳೀಯ ಪ್ರದೇಶ ಎಂಬ ಅರ್ಥವನ್ನೇ ಇಟ್ಟುಕೊಂಡಿದೆ. ಈ ಅರ್ಥದಲ್ಲಿ ಭೂಮಿಯಿದೆ, ದಾಖಲೆಯಿದೆ, ಕಂದಾಯವಿದೆ, ಮನುಷ್ಯನಿಲ್ಲ. ಆದ್ದರಿಂದಲೇ ಮನುಷ್ಯರೆಲ್ಲ ಹೊರಟುಹೋದರೂ ಗ್ರಾಮ ಉಳಿಯುತ್ತದೆ.

ಹಾಗೆ ಜನ ಹೊರಟುಹೋದ ಗ್ರಾಮಕ್ಕೆ ನಮ್ಮ ದಾಖಲೆಗಳಲ್ಲಿ ‘ಬೇಚರಾಕ್’ ಎಂಬ ಹೆಸರಿದೆ. ಇದು ಪಾರಸಿಯಿಂದ ಬಂದ ಮಾತು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪವಿಲ್ಲದ ಊರು! ಕಂದಾಯದ ಲೆಕ್ಕ ಬರೆಯುತ್ತಿದ್ದ ಯಾವನೋ ಒಬ್ಬ ಹಳೆಯ ಕಾಲದ ಮುನ್ಷಿಯ ಲೇಖನಿಯಿಂದ ಇಷ್ಟು ಕಾವ್ಯಮಯವಾದ ಪದ ಹೊರಟಿತೆಂಬುದು ಆಶ್ಚರ್ಯ. ಆದರೆ ಅದು ಬರಿಯ ಕಾವ್ಯವಲ್ಲ, ಮಾನವ ವಸತಿಯ ನಿಖರವಾದ ವ್ಯಾಖ್ಯೆಯೂ ಹೌದು. ಸಂಜೆಯಾದಾಗ ದೀಪ ಹಚ್ಚುವವರು ಇದ್ದರೆ ಅದು ವಸತಿ, ಇಲ್ಲದಿದ್ದರೆ ಅಲ್ಲ.

ಊರುಗಳು ಬೇಚರಾಕ್ ಆಗಲು ಕಾರಣಗಳು ಹಲವು. 1876-78ರ ಮಹಾಕ್ಷಾಮವೊಂದನ್ನೇ ತೆಗೆದುಕೊಳ್ಳಿ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಅದರ ಬೆನ್ನಿಗೆ ಪ್ಲೇಗು ಬಂತು. ಮಲೆನಾಡಿನ ಅಂಚಿನಲ್ಲಿ ಮಲೇರಿಯಾ ಇತ್ತು. ಕೆರೆ ಒಡೆದು, ಬಾವಿ ಬತ್ತಿ, ಕಳ್ಳರ ಕಾಟ ತಾಳಲಾರದೆ ಜನ ನೆರೆಯ ದೊಡ್ಡ ಊರಿಗೆ ಸೇರಿಕೊಂಡದ್ದೂ ಉಂಟು. ಇಂತಹ ಎಷ್ಟೋ ಕಡೆ ಇಂದು ಒಂದು ಆಂಜನೇಯನ ಗುಡಿ, ಒಂದು ಹಾಳು ಬಾವಿ, ಒಂದೆರಡು ವೀರಗಲ್ಲು ಮಾತ್ರ ಉಳಿದಿವೆ. ನೆರೆಯೂರಿಗೆ ಹೋಗಿ ನೆಲೆಸಿದವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದು ಆ ಗುಡಿಯಲ್ಲಿ ಪೂಜೆ ಮಾಡಿಸಿಕೊಂಡು ಹೋಗುತ್ತಾರೆ.

ಅಣೆಕಟ್ಟುಗಳ ಕಥೆ ಇದಕ್ಕಿಂತ ಭಿನ್ನ. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅದರ ಹೆಸರು ಮಾತ್ರ ಕಟ್ಟೆಯ ಹೆಸರಾಗಿ ಜನರ ಬಾಯಲ್ಲಿ ಉಳಿಯಿತು. ಲಿಂಗನಮಕ್ಕಿಯಲ್ಲಿ ಶರಾವತಿ ಕಣಿವೆಯ ಊರುಗಳು, ಆಲಮಟ್ಟಿಯಲ್ಲಿ ಕೃಷ್ಣೆಯ ದಂಡೆಯ ಊರುಗಳು ನೀರಿನ ಪಾಲಾದವು. ಹಳೆಯ ಬಾಗಲಕೋಟೆಯ ಬಹುಭಾಗದ ಜನ ನವನಗರಕ್ಕೆ ಬಂದರು. ಜನರೂ ಹೆಸರೂ ಬೇರೆಡೆಗೆ ಹೋದಾಗ ಊರು ಎಲ್ಲಿದೆ? ನೀರಿನಡಿಯ ಮಣ್ಣಿನಲ್ಲಿಯೋ, ಹೊಸ ಬಡಾವಣೆಯಲ್ಲಿಯೋ? ನಿಮ್ಮಲ್ಲಿ ಮುಳುಗಡೆಯ ಮನೆತನಗಳಿಂದ ಬಂದವರು ಇದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲಿರಿ.

ಪಟ್ಟಣವಾಗಲು ಎಷ್ಟು ಜನ ಬೇಕು?

ಹಳ್ಳಿಯ ಪ್ರಶ್ನೆ ಹೀಗಾದರೆ, ಪಟ್ಟಣದ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ಸ್ವೀಡನ್ ದೇಶದಲ್ಲಿ 200 ಜನ ಹತ್ತಿರ ಹತ್ತಿರ ಮನೆ ಕಟ್ಟಿಕೊಂಡಿದ್ದರೆ ಅದನ್ನು ನಗರ ಸ್ವರೂಪದ ನೆಲೆಯೆಂದು ಎಣಿಸುತ್ತಾರೆ. ಜಪಾನಿನಲ್ಲಿ ನಗರವೆನಿಸಿಕೊಳ್ಳಲು ಸಾಮಾನ್ಯವಾಗಿ 50,000 ಜನ ಬೇಕು. ನಮ್ಮ ದೇಶದಲ್ಲಿ 1961ರ ಜನಗಣತಿಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿಯಮ ಬಂತು. ಪುರಸಭೆಯೋ ನಗರಸಭೆಯೋ ಇದ್ದ ಊರುಗಳು ಹೇಗೂ ಪಟ್ಟಣಗಳೇ. ಉಳಿದಂತೆ ಮೂರು ಷರತ್ತುಗಳು: ಕನಿಷ್ಠ 5,000 ಜನಸಂಖ್ಯೆ, ದುಡಿಯುವ ಪುರುಷರಲ್ಲಿ ಕನಿಷ್ಠ ಶೇ. 75ರಷ್ಟು ಮಂದಿ ಬೇಸಾಯೇತರ ವೃತ್ತಿಯಲ್ಲಿರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆಯಿರಬೇಕು. ಈ ಮೂರನ್ನೂ ಪೂರೈಸಿದರೆ ಅದು ‘ಜನಗಣತಿ ಪಟ್ಟಣ’.

ನಿಯಮ ಸ್ಪಷ್ಟವಾಗಿದೆ, ಲೆಕ್ಕ ಸುಲಭವಾಗಿದೆ. ಆದರೂ ಅದರ ಒಳಗೆ ಇಣುಕಿ ನೋಡಿದರೆ ಕೆಲವು ಪ್ರಶ್ನೆಗಳೇಳುತ್ತವೆ. ಎಣಿಸುವುದು ಪುರುಷರ ದುಡಿಮೆಯನ್ನು ಮಾತ್ರ. ದಕ್ಷಿಣ ಕನ್ನಡದಲ್ಲಿ ಮನೆಯ ಜಗುಲಿಯಲ್ಲಿ ಕುಳಿತು ಬೀಡಿ ಸುತ್ತಿ ಸಂಸಾರ ಸಾಗಿಸಿದ ಹೆಂಗಸರ ಕಸುಬು ಬೇಸಾಯವಲ್ಲ. ಆದರೂ ಊರು ಹಳ್ಳಿಯೋ ಪಟ್ಟಣವೋ ಎಂದು ತೀರ್ಮಾನಿಸುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ಕೇರಳದ ಉದಾಹರಣೆ ಇನ್ನೂ ವಿಚಿತ್ರ. ಅಲ್ಲಿ 2001ರಲ್ಲಿ ನಗರವಾಸಿಗಳು ಶೇ. 26ರಷ್ಟಿದ್ದರು, 2011ರಲ್ಲಿ ಶೇ. 47.7ರಷ್ಟಾದರು. ಜನಗಣತಿ ಪಟ್ಟಣಗಳು 99ರಿಂದ 461ಕ್ಕೆ ಏರಿದವು. ಹತ್ತೇ ವರ್ಷಗಳಲ್ಲಿ ಅರ್ಧ ಕೇರಳ ಗಂಟುಮೂಟೆ ಕಟ್ಟಿಕೊಂಡು ನಗರಕ್ಕೆ ಹೋಯಿತೆ? ಇಲ್ಲ. ಬಹುಪಾಲು ಜನ ತಮ್ಮ ತೆಂಗಿನ ತೋಟದ ನಡುವಿನ ಅದೇ ಮನೆಗಳಲ್ಲಿಯೇ ಇದ್ದರು. ಮಕ್ಕಳು ಬೇಸಾಯ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಸಾಂದ್ರತೆ ಮೊದಲೇ ಹೆಚ್ಚಿತ್ತು. ಹೀಗಾಗಿ ಹಳ್ಳಿಗಳು ಕುಳಿತಲ್ಲಿಯೇ ಪಟ್ಟಣಗಳಾದವು. ನಮ್ಮಲ್ಲಿಯೂ ಅದೇ ಅವಧಿಯಲ್ಲಿ ಜನಗಣತಿ ಪಟ್ಟಣಗಳು 44ರಿಂದ 127ಕ್ಕೆ ಏರಿದವು. ಇಂತಹ ಊರುಗಳ ಸ್ಥಿತಿ ಎರಡು ದೋಣಿಯ ಪಯಣದಂತೆ. ಗಣತಿಯ ಪುಸ್ತಕದಲ್ಲಿ ಪಟ್ಟಣ; ಆಡಳಿತಕ್ಕೆ ಮಾತ್ರ ಗ್ರಾಮ ಪಂಚಾಯಿತಿ. ಚರಂಡಿ, ಕಸ, ಕುಡಿಯುವ ನೀರಿನ ಹೊರೆ ಪಟ್ಟಣದ್ದು. ಅದನ್ನು ನಿಭಾಯಿಸುವ ಹಣ ಹಳ್ಳಿಯದ್ದು.

ಒಂದೇ ಅಳತೆಗೋಲು ಎಲ್ಲ ನೆಲಕ್ಕೂ ಹೊಂದುವುದಿಲ್ಲ ಎಂಬುದನ್ನು ನಮ್ಮ ಶಾಸಕರು ಅರಿಯದೆ ಇರಲಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯನ್ನು ನಿಗದಿಪಡಿಸಿದರೂ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಮೊದಲಾದ ಜಿಲ್ಲೆಗಳಿಗೆ 2,500 ಜನರಿದ್ದರೂ ಸಾಕೆಂದು ವಿನಾಯಿತಿ ಕೊಟ್ಟರು. ಬಯಲುಸೀಮೆಯವನು ಊರೆಂದರೆ ಒತ್ತೊತ್ತಾದ ಮನೆಗಳನ್ನೂ, ಅಗಸೆಬಾಗಿಲನ್ನೂ, ನಡುವಿನ ಕಟ್ಟೆಯನ್ನೂ ಕಾಣುತ್ತಾನೆ. ಮಲೆನಾಡಿನವನಿಗೆ ಅಡಕೆ ತೋಟಕ್ಕೊಂದು ಮನೆ. ಮುಂದಿನ ಮನೆ ಗುಡ್ಡದಾಚೆ. ಮೊದಲನೆಯದನ್ನು ಗುಂಪು ವಸತಿಯೆಂದೂ ಎರಡನೆಯದನ್ನು ಚದುರಿದ ವಸತಿಯೆಂದೂ ನಾವು ಪಾಠದಲ್ಲಿ ಓದಿದೆವು. ಚದುರಿದ ಮಾತ್ರಕ್ಕೆ ಅದೇನೂ ಕಡಮೆ ಊರಲ್ಲ. ಮದುವೆ ಮನೆಯ ಚಪ್ಪರಕ್ಕೆ, ಸಾವಿನ ಮನೆಯ ಸೌದೆಗೆ ಗುಡ್ಡದಾಚೆಯಿಂದ ಜನ ಬರುತ್ತಾರಲ್ಲ, ಆ ಬರುವಿಕೆಯೇ ಅಲ್ಲಿ ಊರಿನ ಎಲ್ಲೆ.

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2020ರಲ್ಲಿ ದೇಶದೇಶಗಳ ನಡುವೆ ಹೋಲಿಕೆಗೆಂದು ಒಂದು ಹೊಸ ಪದ್ಧತಿಯನ್ನು ಒಪ್ಪಿತು. ನೆಲವನ್ನೆಲ್ಲ ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಚೌಕಕ್ಕೆ 1,500 ಜನರ ಸಾಂದ್ರತೆಯಿದ್ದು ಒಟ್ಟು 50,000 ಜನರಿರುವ ಸಮೂಹವನ್ನು ನಗರವೆಂದೂ, 300 ಜನರ ಸಾಂದ್ರತೆಯಿದ್ದು ಒಟ್ಟು 5,000 ಜನರಿರುವ ಸಮೂಹವನ್ನು ಪಟ್ಟಣ ಮಟ್ಟದ್ದೆಂದೂ, ಉಳಿದುದನ್ನು ಗ್ರಾಮೀಣವೆಂದೂ ಎಣಿಸುವ ಕ್ರಮ ಅದು. ಹೋಲಿಕೆಗೆ ಇದು ಉಪಯುಕ್ತ. ಆದರೆ ಆ ಚೌಕದ ಕಣ್ಣಿಗೆ ಊರಿನ ಹೆಸರು ಕಾಣುವುದಿಲ್ಲ.

ಪುಸ್ತಕದಲ್ಲಿಲ್ಲದ ಊರುಗಳು

ಈಗ ಆರಂಭದ ವಿರೋಧಾಭಾಸದ ಇನ್ನೊಂದು ಮುಖಕ್ಕೆ ಬರುತ್ತೇನೆ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡಿನುದ್ದಕ್ಕೂ ಸಂಚರಿಸುತ್ತಿದ್ದ ಲಂಬಾಣಿ ಜನರ ವ್ಯಾಪಾರ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಮತ್ತು ಗಾಡಿರಸ್ತೆಗಳು ಬಂದ ಮೇಲೆ ಕುಸಿಯಿತು. ಅವರು ಊರ ಹೊರಗೆ, ಗುಡ್ಡದ ಬುಡದಲ್ಲಿ, ಕಾಡಿನಂಚಿನಲ್ಲಿ ತಾಂಡಾಗಳನ್ನು ಕಟ್ಟಿಕೊಂಡು ನೆಲೆನಿಂತರು. ಅಷ್ಟರಲ್ಲಿ ಸರ್ವೆಯ ಗ್ರಾಮಗಳ ಎಲ್ಲೆ ಬರೆದಾಗಿತ್ತು. ತಾಂಡಾದ ಮನೆಗಳು ಗ್ರಾಮಠಾಣಾದಲ್ಲಿ ಇರಲಿಲ್ಲ. ಸರ್ಕಾರಿ ಜಮೀನಿನಲ್ಲಿಯೋ, ಯಾರದೋ ಪಟ್ಟಾ ಜಮೀನಿನಲ್ಲಿಯೋ ಇದ್ದವು. ಗೊಲ್ಲರಹಟ್ಟಿ, ಕುರುಬರಹಟ್ಟಿ, ಜೇನುಕುರುಬರ ಹಾಡಿ, ಸೋಲಿಗರ ಪೋಡು, ದೊಡ್ಡಿ, ಪಾಳ್ಯ, ಕ್ಯಾಂಪು, ಕಾಲೊನಿ ಇವುಗಳಲ್ಲಿಯೂ ಅನೇಕವುಗಳ ಸ್ಥಿತಿ ಇದೇ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ಮನೆ ತನ್ನದೆಂದು ತೋರಿಸಲು ಹಕ್ಕುಪತ್ರವಿಲ್ಲ. ಹಕ್ಕುಪತ್ರವಿಲ್ಲದೆ ಬ್ಯಾಂಕಿನ ಸಾಲವಿಲ್ಲ. ರಸ್ತೆ, ಶಾಲೆ, ನೀರಿನ ಟ್ಯಾಂಕು ಮಂಜೂರಾಗುವುದು ಮೂಲ ಗ್ರಾಮದ ಹೆಸರಿಗೆ. ತಾಂಡಾಕ್ಕೆ ತಲುಪುವುದು ಉಳಿದರೆ ಮಾತ್ರ.

1980ರ ದಶಕದ ಕೊನೆಯಲ್ಲಿ ನಾನು ಉತ್ತರದ ಒಂದು ಜಿಲ್ಲೆಯ ಪ್ರೌಢಶಾಲೆಯಲ್ಲಿದ್ದೆ. ನಾಲ್ಕು ಕಿಲೋಮೀಟರು ದೂರದ ತಾಂಡಾದಿಂದ ಏಳೆಂಟು ಹುಡುಗರು ನಡೆದು ಬರುತ್ತಿದ್ದರು. ವಿದ್ಯಾರ್ಥಿವೇತನದ ಅರ್ಜಿಯೊಂದು ‘ಗ್ರಾಮದ ಹೆಸರು ಪಟ್ಟಿಯಲ್ಲಿಲ್ಲ’ ಎಂಬ ಷರಾದೊಂದಿಗೆ ಮೇಲಿನ ಕಚೇರಿಯಿಂದ ಹಿಂದಿರುಗಿ ಬಂತು. ಆ ಹುಡುಗ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು, “ಸರ, ನಮ್ಮ ತಾಂಡಾ ಊರಲ್ಲೇನ್ರಿ?” ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಸಂದೇಹವಿತ್ತು. “ಊರೇ ಅದಪ್ಪಾ, ಸರಕಾರದ ಪುಸ್ತಕದಾಗ ಇನ್ನೂ ಬರದಿಲ್ಲ, ಅಷ್ಟ” ಎಂದೆ. ಮೂಲ ಗ್ರಾಮದ ಹೆಸರನ್ನು ಬರೆದು ಕಳಿಸಿದ ಮೇಲೆ ವಿದ್ಯಾರ್ಥಿವೇತನ ಮಂಜೂರಾಯಿತು. ಆದರೆ ಅವನ ದಾಖಲೆಯಲ್ಲಿ ಉಳಿದದ್ದು ಅವನು ಹುಟ್ಟಿ ಬೆಳೆಯದ ಇನ್ನೊಂದು ಊರಿನ ಹೆಸರು.

ಪುಸ್ತಕದಲ್ಲಿ ಬರೆಯುವ ಕಾಲವೂ ಬಂತು. ಭೂಕಂದಾಯ ಅಧಿನಿಯಮಕ್ಕೆ ತಿದ್ದುಪಡಿಯಾಗಿ 2017ರಲ್ಲಿ ಜಾರಿಗೆ ಬಂದ 94-ಡಿ ಪ್ರಕರಣ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಮಜರೆ ಮುಂತಾದ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿಸಿ ಅಲ್ಲಿ ವಾಸಿಸುವವರಿಗೆ ಮನೆಯ ಹಕ್ಕು ಕೊಡಲು ದಾರಿ ಮಾಡಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲಿಯೇ ಇಂತಹ ಸುಮಾರು 1,475 ನೆಲೆಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ದೊರೆಯಿತು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಇನ್ನೂ ಲಕ್ಷಕ್ಕೂ ಮೀರಿ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಮಳಖೇಡವೆಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಜಿನಸೇನಾಚಾರ್ಯರನ್ನು ಗೌರವಿಸಿದ ಅಮೋಘವರ್ಷನ ಪಟ್ಟಣ. ಗ್ರಾಮ, ಖೇಡ, ಖರ್ವಡಗಳ ಲಕ್ಷಣ ಬರೆದವರ ಕಾಲದ ಆ ನೆಲದಲ್ಲಿಯೇ ಲಕ್ಷಣಕ್ಕೆ ಸಿಕ್ಕದ ಊರುಗಳಿಗೆ ಹೆಸರು ದೊರೆತದ್ದು ಇತಿಹಾಸದ ವಿದ್ಯಾರ್ಥಿಗೆ ಸಂತೋಷದ ಸಂಗತಿ.

ಹಾಗಾದರೆ ಊರೆಂದರೇನು?

ಅಗೆಯುವವನಿಗೆ ಊರೆಂದರೆ ಮನೆಯ ನೆಲ ಮತ್ತು ಮಡಕೆಯ ಚೂರು. ದಾನ ಕೊಟ್ಟ ಅರಸನಿಗೆ ಅದು ಎಲ್ಲೆ ಮತ್ತು ಆದಾಯ. ಶಾನುಭೋಗರಿಗೆ ಸರ್ವೆ ನಂಬರು, ಗಣತಿದಾರನಿಗೆ 5,000 ಜನ. ಈ ಯಾವುದನ್ನೂ ತಪ್ಪೆನ್ನಲಾಗದು. ಪ್ರತಿಯೊಬ್ಬನೂ ತನ್ನ ಕೆಲಸಕ್ಕೆ ಬೇಕಾದ ಅಳತೆಯನ್ನು ಹಿಡಿದಿದ್ದಾನೆ. ತೊಂದರೆಯಾಗುವುದು ಒಬ್ಬನ ಅಳತೆಯನ್ನೇ ಊರೆಂದು ತಿಳಿದು, ಅದಕ್ಕೆ ಸಿಕ್ಕದ ಮನುಷ್ಯರನ್ನು ಇಲ್ಲವೆಂದು ಬಗೆದಾಗ. ಎಲ್ಲ ವ್ಯಾಖ್ಯೆಗಳನ್ನೂ ತೂಗಿ ನೋಡಿದ ಮೇಲೆ ನನಗೆ ಸರಿಯೆನಿಸುವುದು ಆ ಹಳೆಯ ಮುನ್ಷಿಯ ಮಾತು. ದೀಪ ಹಚ್ಚುವವರಿದ್ದರೆ ಅದು ಊರು. ಉಳಿದ ವರ್ಗೀಕರಣವೆಲ್ಲ ಆಮೇಲೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟು ಅದನ್ನು ನಡೆಸಲಾಗುವುದೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಗಣತಿದಾರರು ಬಂದಾಗ ನಿಮ್ಮ ಮನೆಯ ಲೆಕ್ಕದೊಂದಿಗೆ ನಿಮ್ಮ ಕೇರಿ, ಕೊಪ್ಪಲು, ಹಟ್ಟಿ, ಮಜಲುಗಳ ಹೆಸರನ್ನೂ ಸ್ಪಷ್ಟವಾಗಿ ಹೇಳಿ, ಬರೆಸಿ. ನಮ್ಮ ಬಂಧುಗಳಲ್ಲಿ ಹಿರಿಯರಾದವರು ಮೂಲ ಊರು ಯಾವುದು, ಅಲ್ಲಿಂದ ಹೊರಟದ್ದು ಯಾವಾಗ, ಏಕೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಗೆ ಕೊಡಿ. ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ: ಎರಡು ಅಂಕದ ಆ ಪ್ರಶ್ನೆಯನ್ನು ಕೇಳುವ ಮೊದಲು ನಿಮ್ಮ ಶಾಲೆಗೆ ಮಕ್ಕಳು ಬರುವ ನೆಲೆಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಯಿಸಿ. ಪಟ್ಟಿಯಲ್ಲಿರುವವು ಎಷ್ಟು, ಇಲ್ಲದವು ಎಷ್ಟು ಎಂದು ಮಕ್ಕಳೇ ಎಣಿಸಲಿ.